ಕೋರ್ಸ್ ಸೇರುವ ಮುಂಚೆ ಒಂದು ದಿನ ಪಕ್ಕದಲ್ಲಿ ಕೂತು ನೋಡಿ

ನನ್ನ ಅಕ್ಕನ ಮಗಳಿಗೆ ನಾಯಿ ಅಂದರೆ ಪ್ರಾಣ. ಬೀದಿ ನಾಯಿಗಳಿಗೂ ಹೆಸರಿಟ್ಟು ಕರೆಯುವವಳು. ಹಾಗಾಗಿ ಅವಳು ಸೆಕೆಂಡ್ ಪಿಯುಸಿಗೆ ಬರುವಷ್ಟರಲ್ಲಿ, ಮುಂದೆ ವೆಟರ್ನರಿ ಅಂತ ಮನೆಯಲ್ಲಿ ತೀರ್ಮಾನ ಆಗಿಹೋಗಿತ್ತು. ಬಿವಿಎಸ್‌ಸಿ ಅಂದರೆ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. 'ಐದೂವರೆ ವರ್ಷ ಕೊಡೋ ಮುಂಚೆ ಒಂದು ದಿನ ಕೊಡು' ಅಂತ ಹೇಳಿ, ನಮ್ಮ ತಾಲ್ಲೂಕಿನ ಪಶು ಆಸ್ಪತ್ರೆಗೆ ಅವಳನ್ನು ಕಳಿಸಿದೆ. ಅಲ್ಲಿನ ಡಾಕ್ಟರು ನನಗೆ ಪರಿಚಯ.

ಬೆಳಗ್ಗೆ ಬಂದ ಮೊದಲ ಕೇಸ್ ನಾಯಿ ಅಲ್ಲ, ಎಮ್ಮೆ. ಹಿಂದಿನ ದಿನ ಕರು ಹಾಕಿದೆ, ಆಮೇಲೆ ಬೀಳಬೇಕಾದ ಮಾಸು (ಗರ್ಭದ ಕಸ) ಬಿದ್ದಿಲ್ಲ. ಗೂಡ್ಸ್ ಆಟೋದಲ್ಲಿ ತಂದಿದ್ದರು. ಡಾಕ್ಟರು ಭುಜದವರೆಗೆ ಬರುವ ಪ್ಲಾಸ್ಟಿಕ್ ಗ್ಲೌಸ್ ಹಾಕಿಕೊಂಡು ಕೈ ಒಳಗಿಟ್ಟರು. ಆ ವಾಸನೆಗೆ ನನ್ನ ಸೊಸೆ (ಅದೇ ಅಕ್ಕನ ಮಗಳು) ಜೊತೆ ಹೋಗಿದ್ದ ಗೆಳತಿ ಹೊರಗೆ ಬಂದು ಬೇವಿನ ಮರದ ಕೆಳಗೆ ಕೂತುಬಿಟ್ಟಳು. ಇವಳು ನಿಂತಿದ್ದಳು. ಸಂಜೆ ಮನೆಗೆ ಬಂದು ಕಾಫಿ ಕುಡಿಯುತ್ತಾ ಹೇಳಿದಳು, "ಮಾವ, ವಾಸನೆ ತಡ್ಕೋಬಹುದು. ಆದ್ರೆ ಬೆಳಗ್ಗೆಯಿಂದ ಅವರು ನಾಯಿ ಮುಟ್ಟಿದ್ದು ಎರಡೇ ಎರಡು. ಬರೆದಿದ್ದೇ ಜಾಸ್ತಿ."

ಆ 'ಬರೆದಿದ್ದೇ ಜಾಸ್ತಿ' ಅನ್ನುವುದು ಯಾವ ಕಾಲೇಜಿನ ಬ್ರೋಷರ್‌ನಲ್ಲೂ ಇರುವುದಿಲ್ಲ. ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುವವನು. ರಿಸಲ್ಟ್ ಬಂದ ಮರುದಿನದಿಂದ ನನ್ನ ಫೋನಿಗೆ ಬಿಡುವಿರುವುದಿಲ್ಲ. 'ಸಾರ್, ಯಾವ ಕೋರ್ಸ್ ಸೇರಿಸೋಣ?' ಎಲ್ಲರೂ ಕೋರ್ಸ್ ಬಗ್ಗೆ ಕೇಳುತ್ತಾರೆ. ಆ ಕೋರ್ಸ್ ಮುಗಿಸಿದವರು ಮಂಗಳವಾರ ಮಧ್ಯಾಹ್ನ ಮೂರು ಗಂಟೆಗೆ ಏನು ಮಾಡುತ್ತಿರುತ್ತಾರೆ ಅಂತ ಯಾರೂ ಕೇಳುವುದಿಲ್ಲ. ಅಸಲಿ ಪ್ರಶ್ನೆ ಅದೇ. ಒಂದು ಕೆಲಸದ ಮಿಂಚುವ ಭಾಗ ಎಲ್ಲರಿಗೂ ಇಷ್ಟ ಆಗುತ್ತೆ. ಅದರ ಬೋರ್ ಹೊಡೆಸುವ ಭಾಗ ನಿಮಗೆ ತಡೆಯುತ್ತಾ ಅನ್ನುವುದನ್ನು ನೋಡಬೇಕು. ನೋಡಲು ಇರುವುದು ಒಂದೇ ದಾರಿ, ಆ ಕೆಲಸ ಮಾಡುವವರ ಪಕ್ಕ ಒಂದು ಪೂರ್ತಿ ದಿನ ಇರುವುದು. ಇದಕ್ಕೆ ಜಾಬ್ ಶ್ಯಾಡೋಯಿಂಗ್ ಅನ್ನುತ್ತಾರೆ. ಇದು ಇಂಟರ್ನ್‌ಶಿಪ್ ಅಲ್ಲ. ಕೆಲಸ ಮಾಡುವ ಹಾಗಿಲ್ಲ, ಸಂಬಳ ಇಲ್ಲ, ಸರ್ಟಿಫಿಕೇಟೂ ಇಲ್ಲ. ಸುಮ್ನೆ ಇದ್ದು ನೋಡುವುದು, ಅಷ್ಟೇ.

ಹೇಗೆ ಮಾಡಬೇಕು ಅಂತ ಒಂದೊಂದಾಗಿ ಹೇಳುತ್ತೇನೆ. ಇದರಲ್ಲಿ ಅರ್ಧ ನನ್ನ ವಿದ್ಯಾರ್ಥಿಗಳಿಂದ ಕಲಿತಿದ್ದು, ಇನ್ನರ್ಧ ನಾನೇ ತಪ್ಪು ಮಾಡಿ ಕಲಿತಿದ್ದು.

ಹಂತ 1: ಕೋರ್ಸಿನ ಹೆಸರು ಬಿಡಿ, ಕೆಲಸದ ಹೆಸರು ಬರೆಯಿರಿ

'ಸೈನ್ಸ್' ಕೆಲಸ ಅಲ್ಲ. 'ಬಿಕಾಂ' ಕೆಲಸ ಅಲ್ಲ. 'ಮೆಡಿಕಲ್ ಲೈನ್' ಅಂತೂ ಕೆಲಸವೇ ಅಲ್ಲ. ಒಂದು ಹಾಳೆ ತಗೊಂಡು, ದಿನಾ ಬೆಳಗ್ಗೆ ಎದ್ದು ಒಬ್ಬ ಮನುಷ್ಯ ಹೋಗಿ ಮಾಡುವಂಥ ಕೆಲಸದ ಹೆಸರನ್ನು ಬರೆಯಿರಿ. 'ಮೆಡಿಕಲ್ ಲೈನ್' ಅಂತ ಬರೆದವರು ಅದನ್ನು ಬಿಡಿಸಿ ನೋಡಿ: ಎಂಬಿಬಿಎಸ್ ಡಾಕ್ಟರು, ಸ್ಟಾಫ್ ನರ್ಸ್, ಲ್ಯಾಬ್ ಟೆಕ್ನೀಶಿಯನ್, ಫಿಸಿಯೋಥೆರಪಿಸ್ಟ್, ಡಯಾಲಿಸಿಸ್ ಟೆಕ್ನೀಶಿಯನ್, ಫಾರ್ಮಸಿಸ್ಟ್, ಎಕ್ಸ್‌ರೇ ತೆಗೆಯುವವರು. ಒಂದೇ ಕಟ್ಟಡದೊಳಗೆ ಏಳು ಬೇರೆ ಬೇರೆ ಬದುಕು. ಲ್ಯಾಬಿನವರು ದಿನವಿಡೀ ರಕ್ತದ ಟ್ಯೂಬು, ಮಶೀನಿನ ಜೊತೆ ಇರುತ್ತಾರೆ. ಫಿಸಿಯೋ ಮಾಡುವವರು ಒಬ್ಬೊಬ್ಬ ರೋಗಿಯ ಜೊತೆ ಮುಕ್ಕಾಲು ಗಂಟೆ ಮಾತಾಡುತ್ತಾ ಮಂಡಿ ಮಡಚಿಸುತ್ತಾರೆ. ಮಾತು ಬೇಡ ಅನ್ನುವ ಹುಡುಗನಿಗೆ ಮೊದಲನೆಯದು ಹಿಡಿಸಬಹುದು, ಎರಡನೆಯದು ನರಕ ಅನ್ನಿಸಬಹುದು.

ಪಟ್ಟಿಯಲ್ಲಿ ಮೂರು ಕೆಲಸ ಸಾಕು. ಒಂದು ನಿಮ್ಮ ಕನಸಿನದು. ಇನ್ನೊಂದು ಅಪ್ಪ ಅಮ್ಮ ಹೇಳುತ್ತಿರುವುದು, ಅದನ್ನೂ ಸೇರಿಸಿ, ಮನೆಯಲ್ಲಿ ಶಾಂತಿ ಇರುತ್ತೆ. ಮೂರನೆಯದು ನೀವು ಯಾವತ್ತೂ ಯೋಚಿಸದೇ ಇರುವುದು. ಈ ಮೂರನೆಯದನ್ನು ಬಿಡಬೇಡಿ. ನನ್ನ ಅನುಭವದಲ್ಲಿ ಮಕ್ಕಳು ವಾಪಸ್ ಬಂದು ಜಾಸ್ತಿ ಮಾತಾಡುವುದು ಇದರ ಬಗ್ಗೆಯೇ.

ಹಂತ 2: ಬಾಗಿಲು ತೆರೆದೇ ಇರುವ ಜಾಗಗಳಿಂದ ಶುರು ಮಾಡಿ

ಮೊದಲನೇ ಸಲಕ್ಕೆ ಯಾರ ಪರಿಚಯವೂ ಬೇಡದ ಜಾಗ ಒಳ್ಳೆಯದು. ನೋಡುವುದೂ ಒಂದು ಕಲೆ, ಅದಕ್ಕೂ ಅಭ್ಯಾಸ ಬೇಕು. ಇಂಥ ಜಾಗಗಳು ನಾವಂದುಕೊಂಡಿದ್ದಕ್ಕಿಂತ ಜಾಸ್ತಿ ಇವೆ.

ಎಲ್ಲಕ್ಕಿಂತ ಒಳ್ಳೆಯದು ಕೋರ್ಟು. ನಮ್ಮ ದೇಶದಲ್ಲಿ ವಿಚಾರಣೆ ತೆರೆದ ನ್ಯಾಯಾಲಯದಲ್ಲೇ ನಡೆಯಬೇಕು ಅನ್ನುವುದು ಕಾನೂನು. ಕ್ರಿಮಿನಲ್ ಕೇಸಿಗೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 366ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಜಾಗ ಇದ್ದರೆ ಯಾರು ಬೇಕಾದರೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬಹುದು. ಅತ್ಯಾಚಾರ, ಪೋಕ್ಸೋದಂಥ ಕೇಸುಗಳು ಮಾತ್ರ ಮುಚ್ಚಿದ ಬಾಗಿಲೊಳಗೆ ನಡೆಯುತ್ತವೆ. ಅಟೆಂಡರ್ ಹೊರಗೆ ಹೋಗಿ ಅಂದರೆ ಎದ್ದು ಬನ್ನಿ, ಏನೂ ಅಂದುಕೊಳ್ಳಬೇಡಿ. ಆಮೇಲೆ ಒಳಗೆ ಯಾವ ಕಾರಣಕ್ಕೂ ಫೋನ್ ಹೊರತೆಗೆಯಬೇಡಿ.

ಬೆಳಗ್ಗೆ ಮೊದಲ ಒಂದು ಗಂಟೆ ಕೂತರೆ ನಿಮ್ಮ ತಲೆಯಲ್ಲಿರುವ ಸಿನಿಮಾ ಕೋರ್ಟು ಕರಗಿಹೋಗುತ್ತೆ. ಕೇಸಿನ ನಂಬರ್ ಕರೆಯುತ್ತಾರೆ, ವಕೀಲರು ಎದ್ದು ನಿಲ್ಲುತ್ತಾರೆ, ಒಂದೆರಡು ಮಾತು, ಮುಂದಿನ ತಾರೀಕು, ಫೈಲು ಮುಚ್ಚಿತು. ಮತ್ತೊಂದು. ಮತ್ತೊಂದು. ಒಬ್ಬರೇ ವಕೀಲರು ಮೂರು ಹಾಲ್‌ಗಳ ನಡುವೆ ಗೌನು ಹಾರಿಸಿಕೊಂಡು ಓಡುತ್ತಿರುತ್ತಾರೆ. ಊಟದ ಹೊತ್ತಿಗೋ ಅದರ ಆಮೇಲೋ ಯಾವುದಾದರೂ ಹಾಲ್‌ನಲ್ಲಿ ಪಾಟೀಸವಾಲು ನಡೆಯುತ್ತಿದ್ದರೆ ಅದೃಷ್ಟ. ಅಲ್ಲಿ ಕೂಗಾಟ ಇರುವುದಿಲ್ಲ. 'ಆ ದಿನ ನೀವು ಮನೆಯಿಂದ ಎಷ್ಟು ಗಂಟೆಗೆ ಹೊರಟಿರಿ?' ಅಂತ ಸಣ್ಣ ದನಿಯಲ್ಲಿ ಒಂದು ಪ್ರಶ್ನೆ, ಸಾಕ್ಷಿಯ ಉತ್ತರ, ಟೈಪಿಸ್ಟ್ ಕೀಲಿಮಣೆಯ ಸದ್ದು, ಮತ್ತೆ ಇನ್ನೊಂದು ಪ್ರಶ್ನೆ. ಈ ನಿಧಾನ ನಿಮಗೆ ಹಿಡಿಸಿದರೆ, ಲಾ ಬಗ್ಗೆ ಮುಂದೆ ಯೋಚಿಸಿ.

ಕೋರ್ಟು ದೂರ ಇದ್ದರೆ ಕರ್ನಾಟಕ ಹೈಕೋರ್ಟಿನ ಕಲಾಪಗಳು ಯೂಟ್ಯೂಬಿನಲ್ಲಿ ನೇರ ಬರುತ್ತವೆ. ಇದಕ್ಕೆ 2022ರ ಜನವರಿ 1ರಿಂದ ನಿಯಮಗಳೂ ಇವೆ. ನೋಡಬಹುದು, ಕತ್ತರಿಸಿ ರೀಲ್ಸ್ ಮಾಡುವಂತಿಲ್ಲ. ಆದರೆ ಹೈಕೋರ್ಟಿನ ವಾದ ನೋಡಿ ತಾಲ್ಲೂಕು ಕೋರ್ಟಿನ ವಕೀಲಿಕೆ ಹೀಗೇ ಇರುತ್ತೆ ಅಂದುಕೊಳ್ಳಬೇಡಿ. ಅದು ಬೇರೆ, ಇದು ಬೇರೆ.

ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಆಗಬೇಕು ಅಂತ ಹಗಲು ರಾತ್ರಿ ಓದುವವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ! ಅವರಲ್ಲಿ ಎಷ್ಟು ಜನ ಒಂದು ಗ್ರಾಮಸಭೆಯಲ್ಲಿ ಕೊನೆವರೆಗೆ ಕೂತಿದ್ದಾರೆ? ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕಾದ ಸಭೆ ಅದು. ಹೋಗಿ ಕೂರಿ. ಕುಡಿಯುವ ನೀರು, ಬೀದಿ ದೀಪ, ಉದ್ಯೋಗ ಖಾತರಿ ಕೂಲಿ, ಮನೆ ಹಂಚಿಕೆ, ಎಲ್ಲದಕ್ಕೂ ಎದ್ದು ನಿಂತು ಉತ್ತರ ಕೊಡುವವರು ಆ ಪಿಡಿಒ. ಬೈಸಿಕೊಳ್ಳುವವರೂ ಅವರೇ. ಬೈದವರಿಗೇ ಮರುದಿನ ಆಫೀಸಿನಲ್ಲಿ 'ಕೂತ್ಕೊಳ್ಳಿ ಗೌಡ್ರೇ' ಅನ್ನಬೇಕು.

ಎಪಿಎಂಸಿ ಹರಾಜು, ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆ ಇವೂ ಹೀಗೇ. ಗೂಡು ತಂದ ರೈತರು, ಲಾಟ್ ನೋಡಿ ಗೂಡನ್ನು ಕೈಯಲ್ಲಿ ಒತ್ತಿ ನೋಡುವ ರೀಲರ್‌ಗಳು, ಇ-ಹರಾಜು ನಡೆಸುವ ಇಲಾಖೆ ಸಿಬ್ಬಂದಿ ಎಲ್ಲ ಒಂದೇ ಸೂರಿನ ಕೆಳಗೆ ಸಿಗುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಂದು ದಿನ ಓಪನ್ ಡೇ ಮಾಡುತ್ತೆ, ಯಾರು ಬೇಕಾದರೂ ಲ್ಯಾಬ್‌ಗಳನ್ನು ನೋಡಬಹುದು. ಜಿಕೆವಿಕೆ ಮತ್ತು ಧಾರವಾಡದ ಕೃಷಿ ಮೇಳಗಳೂ ಇವೆ. ಒಂದು ಮಾತು: ಓಪನ್ ಡೇ, ಮೇಳ ಎಲ್ಲ ಮದುವೆ ಮನೆ ಇದ್ದ ಹಾಗೆ. ಎಲ್ಲರೂ ಒಳ್ಳೆ ಬಟ್ಟೆ ಹಾಕಿಕೊಂಡು ನಗುತ್ತಿರುತ್ತಾರೆ. ಅಲ್ಲಿ ಕೆಲಸ ಕಾಣುವುದಿಲ್ಲ, ಕೆಲಸ ಮಾಡುವವರು ಕಾಣುತ್ತಾರೆ. ಸ್ಟಾಲಿನಲ್ಲಿ ನಿಂತ ಪಿಎಚ್‌ಡಿ ವಿದ್ಯಾರ್ಥಿಯ ಜೊತೆ ಹತ್ತು ನಿಮಿಷ ಮಾತಾಡಿ, 'ಸುಮ್ನೆ ಒಂದು ಮಾಮೂಲಿ ದಿನ ನಿಮ್ಮ ಲ್ಯಾಬಿಗೆ ಬರಬಹುದಾ?' ಅಂತ ಕೇಳಿ ನಂಬರ್ ತಗೊಳ್ಳಿ. ಮೇಳದ ಉಪಯೋಗ ಅಷ್ಟೇ.

ಹಂತ 3: ಯಾರನ್ನು ಕೇಳಬೇಕು

ಊರಿನ ಅತಿ ದೊಡ್ಡ ಡಾಕ್ಟರು, ಅತಿ ದೊಡ್ಡ ವಕೀಲರ ಹತ್ತಿರ ಹೋಗಬೇಡಿ. ಮೂವತ್ತು ವರ್ಷ ಅನುಭವ ಇರುವವರ ದಿನ ನಿಮಗೆ ಸಿಗಬೇಕಾದರೆ ನೀವೂ ಮೂವತ್ತು ವರ್ಷ ಕಾಯಬೇಕು. ಕೆಲಸಕ್ಕೆ ಸೇರಿ ಐದರಿಂದ ಎಂಟು ವರ್ಷ ಆದವರನ್ನು ಹುಡುಕಿ. ಅವರಿಗೆ ಕೆಲಸ ಕೈ ಹತ್ತಿರುತ್ತೆ, ಶುರುವಿನ ಕಷ್ಟವೂ ನೆನಪಿರುತ್ತೆ.

ಹುಡುಕುವುದು ಹೇಗೆ? ನಿಮ್ಮ ಬೀದಿಯ ಮೆಡಿಕಲ್ ಶಾಪಿನವರಿಗೆ ಊರಿನ ಡಾಕ್ಟರೆಲ್ಲ ಗೊತ್ತು. ಝೆರಾಕ್ಸ್ ಅಂಗಡಿಯವರಿಗೆ ವಕೀಲರೆಲ್ಲ ಗೊತ್ತು. ಎಲ್‌ಐಸಿ ಏಜೆಂಟರಿಗೆ ಗೊತ್ತಿಲ್ಲದವರೇ ಇಲ್ಲ. ಇವರ ಹತ್ತಿರ ಒಂದು ಮಾತು ಹಾಕಿ. ನಿಮ್ಮ ಹೈಸ್ಕೂಲಿನ ಹಳೇ ಮೇಷ್ಟ್ರು, ಟೀಚರುಗಳನ್ನೂ ಕೇಳಿ. ಅವರ ಹಳೇ ವಿದ್ಯಾರ್ಥಿಗಳು ಎಲ್ಲೆಲ್ಲಿ ಇದ್ದಾರೆ ಅಂತ ಅವರಿಗೆ ಬಾಯಿಪಾಠ ಇರುತ್ತೆ, ಹೇಳುವುದಕ್ಕೆ ಹೆಮ್ಮೆಯೂ ಇರುತ್ತೆ.

ಸ್ವಂತ ಚಿಕ್ಕಪ್ಪ, ಅತ್ತೆ, ಮಾವಂದಿರ ಹತ್ತಿರ ನೋಡುವುದು ಸುಲಭ, ಆದರೆ ಅವರು ನಿಮಗೆ ಕೆಲಸ ತೋರಿಸುವ ಬದಲು ಬುದ್ಧಿ ಹೇಳುತ್ತಾರೆ. ನನ್ನನ್ನೂ ಸೇರಿಸಿ ಹೇಳುತ್ತಿದ್ದೇನೆ.

ಹಂತ 4: ಕೇಳುವ ರೀತಿ

ನಾನು ಮೊದಲ ಸಲ ಮಾಡಿದ ಎಡವಟ್ಟು ಕೇಳಿ. ನಾಲ್ಕು ಹುಡುಗರನ್ನು ಒಟ್ಟಿಗೆ ಒಬ್ಬ ಪರಿಚಯದ ವಕೀಲರ ಆಫೀಸಿಗೆ ಕಳಿಸಿದೆ. ಫೋನಿನಲ್ಲಿ 'ನಮ್ ಹುಡುಗ್ರು ಬರ್ತಾರೆ, ಸ್ವಲ್ಪ ನೋಡ್ಕೊಳ್ಳಿ' ಅಂದಿದ್ದೆ, ಅಷ್ಟೇ. ಯಾಕೆ ಬರುತ್ತಾರೆ, ಎಷ್ಟು ಹೊತ್ತು ಇರುತ್ತಾರೆ, ಏನು ಬೇಕು, ಒಂದನ್ನೂ ಹೇಳಿರಲಿಲ್ಲ. ಅವರು ಆವತ್ತು ಬೇರೆ ಊರಿನ ಕೋರ್ಟಿಗೆ ಹೋಗಿದ್ದರು. ಹುಡುಗರು ಸಂಜೆವರೆಗೆ ಹೊರಗಿನ ಬೆಂಚಿನಲ್ಲಿ ಕೂತು, ಗುಮಾಸ್ತರು ಕೊಡಿಸಿದ ಟೀ ಕುಡಿದು ಬಂದರು. ತಪ್ಪು ವಕೀಲರದಲ್ಲ, ನನ್ನದು.

ಅದರಿಂದ ಕಲಿತಿದ್ದು: ವಿದ್ಯಾರ್ಥಿಯೇ ಕೇಳಬೇಕು, ಒಬ್ಬರೇ ಅಥವಾ ಇಬ್ಬರೇ ಹೋಗಬೇಕು, ಏನು ಬೇಕು ಅಂತ ಬಿಡಿಸಿ ಬರೆಯಬೇಕು. ಹೀಗೊಂದು ವಾಟ್ಸಾಪ್ ಮೆಸೇಜ್ ಸಾಕು:

"ನಮಸ್ತೆ ಮೇಡಂ. ನಾನು ಸೆಕೆಂಡ್ ಪಿಯುಸಿ ಕಾಮರ್ಸ್ ಓದುತ್ತಿದ್ದೇನೆ. ನಿಮ್ಮ ನಂಬರ್ ನಮ್ಮ ಅಕೌಂಟೆನ್ಸಿ ಸರ್ ಕೊಟ್ಟರು. ಮುಂದೆ ಸಿಎ ಮಾಡುವ ಆಸೆ ಇದೆ, ಆದರೆ ಸಿಎ ಆಫೀಸಿನಲ್ಲಿ ದಿನ ಹೇಗಿರುತ್ತೆ ಅಂತ ನೋಡಿಲ್ಲ. ಒಂದು ದಿನ ನಿಮ್ಮ ಆಫೀಸಿನ ಮೂಲೆಯಲ್ಲಿ ಕೂತು ನೋಡಬಹುದಾ? ಕೆಲಸದ ಮಧ್ಯೆ ಮಾತಾಡಿಸುವುದಿಲ್ಲ. ಫೋಟೊ ತೆಗೆಯುವುದಿಲ್ಲ, ಯಾರ ಲೆಕ್ಕದ ವಿಷಯವನ್ನೂ ಹೊರಗೆ ಹೇಳುವುದಿಲ್ಲ. ನಿಮಗೆ ಅನುಕೂಲವಾದ ದಿನ ಹೇಳಿ, ಅರ್ಧ ದಿನವಾದರೂ ಸಾಕು. ಈಗ ಆಗದಿದ್ದರೂ ಪರವಾಗಿಲ್ಲ ಮೇಡಂ."

ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ಒಮ್ಮೆ ನೆನಪಿಸಿ. ಆಮೇಲೂ ಬರದಿದ್ದರೆ ಬಿಟ್ಟುಬಿಡಿ, ಬೇರೆಯವರನ್ನು ನೋಡಿ. ಮೂವರನ್ನು ಕೇಳಿದರೆ ಒಬ್ಬರು ಹೂಂ ಅನ್ನುತ್ತಾರೆ ಅಂದುಕೊಂಡೇ ಹೊರಡಿ. 'ನಾವೇ ವ್ಯವಸ್ಥೆ ಮಾಡಿಸ್ತೀವಿ, ಇಷ್ಟು ಕಟ್ಟಿ' ಅಂತ ಯಾರಾದರೂ ದುಡ್ಡು ಕೇಳಿದರೆ ನಮಸ್ಕಾರ ಹೇಳಿ ಬನ್ನಿ. ನೋಡುವುದಕ್ಕೆ ಟಿಕೆಟ್ ಇಲ್ಲ.

ಹಂತ 5: ಯಾವ ದಿನ ಹೋಗಬೇಕು

ಇದನ್ನು ಯಾರೂ ಯೋಚಿಸುವುದಿಲ್ಲ, ಆದರೆ ಇಡೀ ಅನುಭವ ಇದರ ಮೇಲೆ ನಿಂತಿರುತ್ತೆ. ಪ್ರತಿ ಕೆಲಸಕ್ಕೂ ಒಂದು ಸುಗ್ಗಿ ಇದೆ, ಒಂದು ಬೇಸಿಗೆ ಇದೆ.

ಸಿಎ ಆಫೀಸನ್ನೇ ತಗೊಳ್ಳಿ. ತಿಂಗಳ 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ಲೆಕ್ಕ) ಗಡುವು, 20ಕ್ಕೆ 3ಬಿ (ತೆರಿಗೆ ಕಟ್ಟುವ ರಿಟರ್ನ್). 19ನೇ ತಾರೀಕು ಹೋದರೆ ಯುದ್ಧಭೂಮಿ. ಎಲ್ಲರ ಕಿವಿಯಲ್ಲೂ ಫೋನು, 'ಬಿಲ್ ಕಳ್ಸಿ ಸಾರ್, ಇನ್ನೂ ಪರ್ಚೇಸ್ ಬಿಲ್ಲೇ ಬಂದಿಲ್ಲ' ಅನ್ನುವ ಮಾತು. 25ಕ್ಕೆ ಹೋದರೆ ಅದೇ ಜನ ಮೆತ್ತಗೆ ಕೂತು ವೋಚರ್ ಹೊಂದಿಸುತ್ತಿರುತ್ತಾರೆ. ಎರಡೂ ನಿಜ. ಆಗುವುದಾದರೆ ಎರಡೂ ನೋಡಿ. ಒಂದೇ ದಿನ ಸಿಗುವುದಾದರೆ ಗಡಿಬಿಡಿಯ ದಿನಕ್ಕಿಂತ ಮಾಮೂಲಿ ದಿನ ಒಳ್ಳೆಯದು, ಯಾಕಂದರೆ ವರ್ಷದಲ್ಲಿ ಜಾಸ್ತಿ ಇರುವುದು ಅದೇ. ಗಡಿಬಿಡಿಯ ದಿನ ನಿಮ್ಮ ಪ್ರಶ್ನೆಗೆ ಉತ್ತರ ಕೊಡುವವರೂ ಸಿಗುವುದಿಲ್ಲ.

ನಮ್ಮ ಮಕ್ಕಳಿಗೆ ಬಿಡುವು ಸಿಗುವುದು ಏಪ್ರಿಲ್-ಮೇನಲ್ಲಿ. ಮೇನಲ್ಲಿ ಸಿವಿಲ್ ಕೋರ್ಟುಗಳಿಗೆ ಬೇಸಿಗೆ ರಜೆ. ಶಾಲೆಗಳಿಗೂ ರಜೆ. ಹಾಗಾಗಿ ಕೋರ್ಟು, ಶಾಲೆ ನೋಡಬೇಕು ಅಂದರೆ ಕಾಲೇಜಿಗೆ ಒಂದು ದಿನ ರಜೆ ಹಾಕಿ. ಒಬ್ಬ ಲೆಕ್ಚರರ್ ಹೀಗೆ ಹೇಳಬಾರದೇನೋ, ಹೇಳುತ್ತಿದ್ದೇನೆ.

ಹಂತ 6: ಹೊರಡುವ ಮುಂಚೆ

ಜೇಬಿಗೆ ಹಿಡಿಯುವ ನೋಟ್‌ಬುಕ್, ಎರಡು ಪೆನ್ನು, ನೀರಿನ ಬಾಟಲಿ, ಮನೆಯ ಡಬ್ಬಿ. ಅವರ ಊಟಕ್ಕೆ ನೀವು ಭಾರ ಆಗಬೇಡಿ, ಕರೆದರೆ ಮಾತ್ರ ಜೊತೆಗೆ ಕೂರಿ. ಸಾದಾ ಬಟ್ಟೆ, ಜಾರದ ಚಪ್ಪಲಿ ಅಥವಾ ಶೂ. ಗ್ಯಾರೇಜು, ವರ್ಕ್‌ಶಾಪಿಗೆ ಹೋಗುವವರು ದುಪಟ್ಟಾ, ಸಡಿಲ ತೋಳು, ಬಿಚ್ಚಿದ ಕೂದಲು ಬೇಡ.

ಎಲ್ಲಿಗೆ ಹೋಗುತ್ತಿದ್ದೀರಿ, ಯಾರ ಜೊತೆ ಇರುತ್ತೀರಿ, ಎಷ್ಟಕ್ಕೆ ವಾಪಸ್ ಅಂತ ಮನೆಯಲ್ಲಿ ಬರೆದಿಟ್ಟು ಹೋಗಿ. 18 ತುಂಬದವರು, ಗಂಡಾಗಲಿ ಹೆಣ್ಣಾಗಲಿ, ನಾಲ್ಕು ಜನ ಓಡಾಡುವ ಜಾಗದಲ್ಲೇ ಇರಿ. ಗೆಳೆಯರೊಬ್ಬರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ಏನಾದರೂ ಸರಿ ಅನ್ನಿಸದಿದ್ದರೆ ಕಾರಣ ಕೊಡಬೇಕಿಲ್ಲ, ಎದ್ದು ಬಂದುಬಿಡಿ.

ಕಾನೂನಿನ ಒಂದು ವಿಷಯ ದೊಡ್ಡವರಿಗೆ: 14 ವರ್ಷದೊಳಗಿನ ಮಕ್ಕಳನ್ನು ಕೆಲಸಕ್ಕೆ ಹಚ್ಚುವುದು ಅಪರಾಧ, 14ರಿಂದ 18ರವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. 'ಹೆಂಗೂ ಬಂದಿದೀಯ, ಇದೊಂದು ಹಿಡ್ಕೋ' ಅಂತ ಮಶೀನಿನ ಹತ್ತಿರ ನಿಲ್ಲಿಸಬೇಡಿ. ನೋಡಲು ಬಂದವರು ನೋಡಲಿ.

ಹಂತ 7: ಆ ದಿನ

ಮುಖ್ಯ ಇರುವುದು ಇಲ್ಲೇ. ಸುಮ್ನೆ ಕೂತು ನೋಡಿದರೆ ರೋಚಕವಾಗಿದ್ದು ಮಾತ್ರ ನೆನಪಿರುತ್ತೆ. ಸಿನಿಮಾ ನೋಡಿದ ಹಾಗೆ. ಅದಕ್ಕೇ ಬರೆದುಕೊಳ್ಳಬೇಕು. ಬರೆಯುವುದು ಸಣ್ಣದಾಗಿರಲಿ. ಕೆಲಸ ಬದಲಾದಾಗೆಲ್ಲ ಟೈಮು ಹಾಕಿ ಒಂದು ಸಾಲು. ಪಕ್ಕದಲ್ಲಿ ಒಂದು ಗುರುತು: ಕೈ, ಬಾಯಿ, ಪೆನ್ನು, ದಾರಿ. ಅಂದರೆ ಕೈಯಲ್ಲಿ ಮಾಡುವ ಕೆಲಸವಾ, ಮಾತಾಡುವುದಾ, ಬರೆಯುವುದು-ಕಂಪ್ಯೂಟರಾ, ಓಡಾಟವಾ. ನನ್ನ ಸೊಸೆಯ ಪುಸ್ತಕದ ಒಂದು ಪುಟ ಹೀಗಿತ್ತು:

9.15 ಎಮ್ಮೆ. ಮಾಸು. ಕೈ.
9.55 ರಿಜಿಸ್ಟರ್. ಕಿವಿಯ ಓಲೆ ನಂಬರ್ 12 ಅಂಕಿ, ಓದಿ ಹೇಳಿದ್ದು ನಾನು. ಪೆನ್ನು.
10.20 ಫೋನು. ಹಸುಗೆ ಜ್ವರ, ಬನ್ನಿ ಅಂತ. ಬಾಯಿ.
10.30 ಮೇಕೆ. ಹೊಟ್ಟೆ ಉಬ್ಬರ. ಕೈ.
11.00 ಇನ್ಶೂರೆನ್ಸ್ ಸರ್ಟಿಫಿಕೇಟ್ ಕೇಳಿಕೊಂಡು ಬಂದವರು. ಜಗಳದ ಹಾಗಿತ್ತು. ಬಾಯಿ.
11.45 ನಾಯಿ!! ಲಸಿಕೆ. 6 ನಿಮಿಷ. ಕೈ.
11.55 ಕಂಪ್ಯೂಟರ್. ಪೆನ್ನು. ಪೆನ್ನು. ಪೆನ್ನು.
2.30 ಹಳ್ಳಿ. ಬೈಕು. ದಾರಿ.

ಆ ಹಳ್ಳಿಯಲ್ಲಿ ನಡೆದಿದ್ದನ್ನು ಅವಳು ಪುಸ್ತಕದಲ್ಲಿ ಬರೆದಿರಲಿಲ್ಲ, ಬಾಯಲ್ಲಿ ಹೇಳಿದಳು. ಬೆಳಗ್ಗೆ ಬೆದೆಗೆ ಬಂದ ಹಸುಗೆ ಮಧ್ಯಾಹ್ನದ ಮೇಲೆ ಕೃತಕ ಗರ್ಭಧಾರಣೆ. ದ್ರವ ಸಾರಜನಕ ತುಂಬಿದ ಕಂಟೇನರ್‌ನ ಮುಚ್ಚಳ ತೆಗೆದಾಗ ಬಿಳೀ ಹೊಗೆ ಬಂತು. ಒಳಗೆ ಮೈನಸ್ 196 ಡಿಗ್ರಿ. ಇಕ್ಕಳದಲ್ಲಿ ವೀರ್ಯ ತುಂಬಿದ ಒಂದು ತೆಳ್ಳನೆ ಕಡ್ಡಿ ತೆಗೆದು 37 ಡಿಗ್ರಿಯ ಬಿಸಿನೀರಿನಲ್ಲಿ ಅರ್ಧ ನಿಮಿಷ ಇಟ್ಟರು. ಡಾಕ್ಟರು ಬಾಯಲ್ಲೇ ಎಣಿಸುತ್ತಿದ್ದರು. ಎಣಿಸುತ್ತಲೇ ಮನೆಯ ಅಜ್ಜಿಗೆ, 'ಹೋದ ಸಲ ಗಬ್ಬ ನಿಲ್ಲಲಿಲ್ಲ ಅಲ್ವಾ, ಈ ಸಲ ಖನಿಜ ಮಿಶ್ರಣ ಹಾಕಿದ್ರಾ?' ಅಂತ ಕೇಳಿದರು. ಆ ಅಜ್ಜಿಗೆ ಆ ಹಸು ನಿಲ್ಲುವುದರ ಮೇಲೆ ಮುಂದಿನ ವರ್ಷದ ಹಾಲಿನ ದುಡ್ಡು ನಿಂತಿದೆ. ಸೊಸೆ ಇದನ್ನು ಹೇಳುವಾಗ ನಾಯಿಯ ವಿಷಯ ಮರೆತೇಹೋಗಿತ್ತು.

ಸಂಜೆ ಗುರುತುಗಳನ್ನು ಎಣಿಸಿ. ಪೆನ್ನು ಎಷ್ಟು, ಕೈ ಎಷ್ಟು? ಸರ್ಕಾರಿ ಶಾಲೆಯ ಟೀಚರ್ ಪಕ್ಕ ಕೂತು ಬಂದ ಒಬ್ಬ ಹುಡುಗ ಎಣಿಸಿ ಬೆಚ್ಚಿಬಿದ್ದ. ಪಾಠ ಒಂದು ಭಾಗ. ಹಾಲು, ಬಿಸಿಯೂಟ, ಸರ್ಕಾರದ ವಿದ್ಯಾರ್ಥಿ ದಾಖಲೆ ವ್ಯವಸ್ಥೆ ಎಸ್‌ಎಟಿಎಸ್‌ನಲ್ಲಿ ಮಾಹಿತಿ ತುಂಬುವುದು, ಅಪ್ಪ ಅಮ್ಮಂದಿರ ಜೊತೆ ಮಾತು, ಇವೇ ಉಳಿದದ್ದು. ಅದು ಕೆಟ್ಟದ್ದು ಅಂತ ಅಲ್ಲ. ಆದರೆ ಗೊತ್ತಿದ್ದು ಸೇರುವುದು ಒಳ್ಳೆಯದು.

ಇನ್ನೊಂದೆರಡು ಶಿಸ್ತು. ಆಸ್ಪತ್ರೆಯಲ್ಲಿ ರೋಗಿ ಬೇಡ ಅಂದರೆ ತಕ್ಷಣ ಹೊರಗೆ ಬನ್ನಿ. ಅವರು ನಿಮ್ಮ ಪಾಠಕ್ಕಾಗಿ ಬಂದವರಲ್ಲ. ಎಲ್ಲಿಯೂ ಕಂಡ ಹೆಸರು, ಕಾಯಿಲೆ, ಲೆಕ್ಕ, ಜಗಳ ಹೊರಗೆ ಬರಬಾರದು, ಸ್ಟೇಟಸ್‌ನಲ್ಲಂತೂ ಬರಲೇಬಾರದು. ನೋಟ್‌ಬುಕ್ಕಿನಲ್ಲಿ ಎಮ್ಮೆ ಅಂತ ಇರಲಿ, ಎಮ್ಮೆಯ ಯಜಮಾನರ ಹೆಸರು ಬೇಡ.

ಹಂತ 8: ಪ್ರಶ್ನೆ ಕೇಳುವ ಹೊತ್ತು

ಟೀ ಹೊತ್ತಿನವರೆಗೆ ಕಾಯಿರಿ. 'ನಾನು ಈ ಲೈನಿಗೆ ಬರ್ಲಾ ಸರ್?' ಅಂತ ಕೇಳಬೇಡಿ. ಹತ್ತರಲ್ಲಿ ಒಂಬತ್ತು ಜನ 'ಬೇಡ ಕಣಪ್ಪ' ಅನ್ನುತ್ತಾರೆ. ನಮ್ಮಲ್ಲಿ ಯಾರೂ ತಮ್ಮ ಕೆಲಸ ಚೆನ್ನಾಗಿದೆ ಅಂತ ಬಾಯಿಬಿಟ್ಟು ಹೇಳುವುದಿಲ್ಲ, ದೃಷ್ಟಿ ಆಗುತ್ತೆ ಅನ್ನುವ ಭಯವೋ ಏನೋ.

ಕಣ್ಣಿಗೆ ಕಂಡಿದ್ದರ ಬಗ್ಗೆ ಕೇಳಿ. 'ಆ ಮೇಕೆಗೆ ಸೂಜಿ ಹಾಕೋ ಮುಂಚೆ ಅದರ ಎಡಗಡೆ ತಟ್ಟಿ ನೋಡಿದ್ರಲ್ಲ, ಯಾಕೆ?' ಇಂಥ ಪ್ರಶ್ನೆಗೆ ಯಾರೂ ಒಂದು ವಾಕ್ಯದ ಉತ್ತರ ಕೊಡುವುದಿಲ್ಲ, ಅರ್ಧ ಗಂಟೆ ಹೇಳುತ್ತಾರೆ. ಆಮೇಲೆ ಇವನ್ನು ಕೇಳಬಹುದು. ಇವತ್ತಿನ ದಿನ ಮಾಮೂಲಿಯಾ, ಸ್ಪೆಷಲ್ಲಾ? ಹೊಸದಾಗಿ ಸೇರಿದ ವರ್ಷ ಯಾವುದು ತುಂಬಾ ಕಷ್ಟ ಆಯ್ತು? ನಿಮ್ಮ ಜೊತೆ ಓದಿದವರಲ್ಲಿ ಈ ಕೆಲಸ ಬಿಟ್ಟವರು ಯಾಕೆ ಬಿಟ್ಟರು? ಈ ಕೊನೆಯ ಪ್ರಶ್ನೆಯ ಉತ್ತರ ಬಂಗಾರ, ಬರೆದಿಟ್ಟುಕೊಳ್ಳಿ.

ಸಂಬಳ ಕೇಳಬೇಕು, ಆದರೆ 'ನಿಮ್ಗೆ ಎಷ್ಟು ಬರುತ್ತೆ?' ಅಂತ ಅಲ್ಲ. 'ನಮ್ಮ ಊರಲ್ಲಿ ಈ ಕೆಲಸಕ್ಕೆ ಹೊಸಬರಿಗೆ ಎಷ್ಟು ಸಿಗಬಹುದು, ಐದು ವರ್ಷ ಆದ್ಮೇಲೆ ಎಷ್ಟು?' ಅಂತ ಕೇಳಿ. ಬೇಜಾರಿಲ್ಲದೆ ಹೇಳುತ್ತಾರೆ. ಜೂನಿಯರ್ ವಕೀಲರನ್ನು ಕೇಳಿದರೆ ಮೊದಲು ನಗುತ್ತಾರೆ, ಆಮೇಲೆ ಹೇಳುತ್ತಾರೆ.

ಹಂತ 9: ನೋಡಿದರೂ ಕಾಣದ ಕೆಲಸಗಳು

ಸಾಫ್ಟ್‌ವೇರ್ ಕೆಲಸವನ್ನು ಪಕ್ಕದಲ್ಲಿ ಕೂತು ನೋಡಿದರೆ ಏನು ಕಾಣುತ್ತೆ? ಒಬ್ಬರು ಸ್ಕ್ರೀನ್ ದಿಟ್ಟಿಸುತ್ತಿರುತ್ತಾರೆ. ಆಫೀಸಿನೊಳಗೆ ಬಿಡುವುದೂ ಕಷ್ಟ; ಕಂಪನಿಯ ಗುಟ್ಟು, ಆಕ್ಸೆಸ್ ಕಾರ್ಡು. ಮನೆಯಿಂದ ಕೆಲಸ ಮಾಡುವ ಅಣ್ಣ-ಅಕ್ಕಂದಿರು ಇದ್ದರೆ, ಅವರ ಕಂಪನಿಯ ನಿಯಮ ಒಪ್ಪುವುದಾದರೆ, ಸ್ಕ್ರೀನ್ ನೋಡದೇ ಎದುರಿನ ಕುರ್ಚಿಯಲ್ಲಿ ಕೂತುಕೊಳ್ಳಿ. ಒಂದೇ ಬೇಡಿಕೆ ಇಡಿ: ಗಂಟೆಗೊಮ್ಮೆ 'ಈಗ ಏನು ಮಾಡ್ತಿದ್ದೆ' ಅಂತ ಎರಡು ವಾಕ್ಯದಲ್ಲಿ ಹೇಳು. ಒಬ್ಬ ಹುಡುಗಿ ಹೀಗೆ ಬರೆದುಕೊಂಡು ಬಂದ ಪಟ್ಟಿಯಲ್ಲಿ ಹೊಸ ಕೋಡ್ ಬರೆದದ್ದು ಒಂದೇ ಸಲ ಇತ್ತು. ಉಳಿದದ್ದು ಮೀಟಿಂಗು, ಬೇರೆಯವರ ಕೋಡ್ ಓದುವುದು, 'ಇದು ನಿನ್ನೆ ನಡೀತಿತ್ತು, ಇವತ್ತು ಯಾಕೆ ನಡೀತಿಲ್ಲ' ಅಂತ ಹುಡುಕುವುದು. ಅವಳಿಗೆ ಆ ಹುಡುಕಾಟವೇ ಹಿಡಿಸಿತು, ಪತ್ತೇದಾರಿ ಕೆಲಸದ ಹಾಗಿದೆ ಅಂದಳು.

ಪೊಲೀಸ್, ಸೇನೆ, ವಿಮಾನ, ರೈಲು ಇಂಥ ಕಡೆ ಒಳಗೆ ಬಿಡುವುದಿಲ್ಲ. ಅಲ್ಲಿ ಕೆಲಸ ಮಾಡಿ ನಿವೃತ್ತರಾದವರ ಜೊತೆ ಒಂದು ಸಂಜೆ ಕೂತು, 'ನಿಮ್ಮ ಒಂದು ನೈಟ್ ಡ್ಯೂಟಿ ಶುರುವಿಂದ ಕೊನೆವರೆಗೆ ಹೇಳಿ' ಅಂತ ಕೇಳಿ. ಸಾಧನೆ ಕೇಳಬೇಡಿ, ಒಂದು ಡ್ಯೂಟಿ ಕೇಳಿ.

ಮೂವತ್ತು ದಾಟಿ ಕೆಲಸ ಬದಲಿಸಬೇಕು ಅನ್ನುವವರಿಗೂ ದಾರಿ ಇದೇ. ಬೇಕರಿ ಇಡಬೇಕು, ತೋಟ ಮಾಡಬೇಕು ಅಂತ ರಾಜೀನಾಮೆ ಬರೆಯುವ ಮುಂಚೆ ಎರಡು ದಿನ ರಜೆ ಹಾಕಿ, ಬೇಕರಿಯಲ್ಲಿ ಬೆಳಗಿನ ಜಾವ ನಾಲ್ಕಕ್ಕೆ ಹೋಗಿ ನಿಲ್ಲಿ. ಎಷ್ಟೋ ರಾಜೀನಾಮೆಗಳು ಅಲ್ಲೇ ನಿಲ್ಲುತ್ತವೆ.

ಹಂತ 10: ವಾಪಸ್ ಬಂದ ಮೇಲೆ

ಅದೇ ರಾತ್ರಿ ಒಂದು ಪುಟ ಬರೆಯಿರಿ. ಯಾವಾಗ ಟೈಮ್ ನೋಡಿಕೊಂಡಿರಿ? ಯಾವಾಗ ಟೈಮ್ ಹೋಗಿದ್ದೇ ಗೊತ್ತಾಗಲಿಲ್ಲ? ಅವರು ಮಾಡುತ್ತಿದ್ದುದರಲ್ಲಿ ಯಾವುದನ್ನು ನೋಡಿ 'ನಾನಾಗಿದ್ದರೆ' ಅನ್ನಿಸಿತು?

ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ. ಮನುಷ್ಯರು ಹಿಡಿಸಿದ್ದನ್ನು ಕೆಲಸ ಹಿಡಿಸಿತು ಅಂದುಕೊಳ್ಳುತ್ತಾರೆ. ನಗುನಗುತ್ತಾ ಮಾತಾಡಿಸಿದ ಡಾಕ್ಟರನ್ನು ನೋಡಿ ಡಾಕ್ಟರ್ ಆಗಬೇಕು ಅನ್ನಿಸುತ್ತೆ, ಸಿಡುಕಿನ ಇಂಜಿನಿಯರನ್ನು ನೋಡಿ ಇಂಜಿನಿಯರಿಂಗೇ ಬೇಡ ಅನ್ನಿಸುತ್ತೆ. ಅದಕ್ಕೆ ಅದೇ ಕೆಲಸವನ್ನು ಇನ್ನೊಂದು ಜಾಗದಲ್ಲಿ, ಇನ್ನೊಬ್ಬರ ಹತ್ತಿರ ನೋಡಿ. ನನ್ನ ಸೊಸೆ ಆಮೇಲೆ ಬೆಂಗಳೂರಿನ ಒಂದು ನಾಯಿ-ಬೆಕ್ಕಿನ ಕ್ಲಿನಿಕ್ಕಿಗೂ ಹೋಗಿ ಬಂದಳು. ಎಸಿ, ಸ್ವಚ್ಛ, ದಿನವಿಡೀ ನಾಯಿಗಳೇ. 'ಚೆನ್ನಾಗಿತ್ತು' ಅಂದಳು. ಅಷ್ಟೇ ಅಂದಳು.

ಅವಳ ಗೆಳತಿ ಮಾತ್ರ ಬೇವಿನ ಮರದ ಕೆಳಗೇ ತೀರ್ಮಾನ ಮಾಡಿದ್ದಳು. ಈಗ ಬಿಎಸ್‌ಸಿ ಸ್ಟ್ಯಾಟಿಸ್ಟಿಕ್ಸ್ ಓದುತ್ತಿದ್ದಾಳೆ, ಖುಷಿಯಾಗಿದ್ದಾಳೆ. ಒಂದು ದಿನಕ್ಕೆ ಐದೂವರೆ ವರ್ಷ ಉಳಿಯಿತು.

ಮರುದಿನ ಬೆಳಗ್ಗೆ ಥ್ಯಾಂಕ್ಸ್ ಮೆಸೇಜ್ ಕಳಿಸಿ. ಬರೀ ಕೈಮುಗಿಯುವ ಚಿತ್ರ ಬೇಡ, ನೀವು ಕಲಿತ ಒಂದು ವಿಷಯ ಬರೆಯಿರಿ. ಆರು ತಿಂಗಳು ಬಿಟ್ಟು ನೀವು ಯಾವ ಕೋರ್ಸ್ ಸೇರಿದಿರಿ ಅಂತಲೂ ತಿಳಿಸಿ. ಸೇರದಿದ್ದರೂ ತಿಳಿಸಿ. ನನ್ನ ಸೊಸೆ ಡಾಕ್ಟರಿಗೆ ಬರೆದಿದ್ದು, 'ಮೇಕೆಯ ಎಡಗಡೆ ತಟ್ಟಿದರೆ ಡೋಲಿನ ಹಾಗೆ ಸದ್ದು ಬರುತ್ತೆ ಅಂತ ಗೊತ್ತಾಯ್ತು ಸರ್. ಗುರುವಾರ ಮತ್ತೆ ಬರಲಾ?'

ಅವರ ಉತ್ತರ ಐದು ನಿಮಿಷದಲ್ಲಿ ಬಂತು. 'ಗುರುವಾರ ಕಾಲುಬಾಯಿ ಲಸಿಕೆ, ಏಳಕ್ಕೇ ಹೊರಡ್ತೀವಿ. ಹಳೇ ಚಪ್ಪಲಿ ಹಾಕ್ಕೊಂಡು ಬಾ.'